ಅಕ್ಕ ಅಂದ ಮೇಲೆ

ಬಿಳಿ ಗುಡ್ಡದ ಮೇಲೆ ರೈಲಿನ ನೆರಳು ಹತ್ತಿ ಇಳಿಯುತ್ತಿದೆ, ಹತ್ತಿ ಇಳಿಯುತ್ತಿದೆ, ಕಿಟಕಿಗೆ ಆತು ಕೂತ ನಮ್ಮಿಬ್ಬರ ನೆರಳೂ ಅದರಲ್ಲೆಲ್ಲೋ ಇರಬೇಕು, ಯಾವುದು ಅಂತ ಗೊತ್ತಾಗುವುದಿಲ್ಲ, ಸೈನೈಡ್ ಮಣ್ಣಿನ ಧೂಳು ಗಾಳಿಗೆ ಎದ್ದು ಕಣ್ಣಿಗೆ ಬಿತ್ತು, ಸೆರಗಿನಲ್ಲಿ ಒರೆಸಿಕೊಂಡೆ, ಇವನ ಕಣ್ಣನ್ನೂ ಒರೆಸಿದೆ — ಅಕ್ಕಾ, ಈ ಗುಡ್ಡ ಇಷ್ಟೆತ್ತರ ಯಾವಾಗಾಯ್ತು, ಮೊನ್ನೆ ನೋಡ್ದಾಗ ಇಷ್ಟಿರ್ನಿಲ್ವಲ್ಲ, ಅನ್ನುತ್ತಾನೆ. ಮೊನ್ನೆ ಅಂದರೆ ಹದಿನೈದು ವರ್ಷದ ಹಿಂದೆ. ಗಣಿಯಲ್ಲಿ ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಮಣ್ಣನ್ನು ತಂದು ಸುರಿದು ಸುರಿದು ಬೆಳೆದ ಗುಡ್ಡ, ಅದರಲ್ಲಿ ಒಂದಷ್ಟು ಇವನೇ ಒಡೆದು ಮೇಲಕ್ಕೆ ಕಳಿಸಿದ ಕಲ್ಲಿನದು, ಒಂಬತ್ತು ವರ್ಷ ಚಾಂಪಿಯನ್ ರೀಫ್ಸ್ ಗಣಿಯ ಒಳಗಿಳಿದು ದುಡಿದ ಮನುಷ್ಯ, ಅದನ್ನು ಹೇಳಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಅಂತ ನಗುತ್ತಾನೆ, ಹಾಗಾಗಿ ಹೇಳುವುದು ಬಿಟ್ಟಿದ್ದೇನೆ, ಮಳೆ ಬಂದು ಬೆಳೀತು ಅಂದೆ, ಮಳೆಗೆ ಗುಡ್ಡ ಬೆಳೀತದಾ ಅಂದ, ಬೆಳೀತದೆ ಸುಮ್ನಿರು ಅಂದೆ. ಇನ್ನು ಐದು ನಿಮಿಷಕ್ಕೆ ಮತ್ತೆ ಕೇಳುತ್ತಾನೆ. ಬಂಗಾರಪೇಟೆ ಬರುವುದರೊಳಗೆ ಎಷ್ಟು ಸಲ ಕೇಳುತ್ತಾನೋ, ಬಂಗಾರಪೇಟೆ ಬೇಗ ಬರಲಿ, ಬರದೇ ಇರಲಿ, ಅಲ್ಲಿ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ನನ್ನ ಅಣ್ಣ ಶ್ರೀರಾಮಪ್ಪ ಕಾಯುತ್ತಿದ್ದಾನೆ, ಅಣ್ಣನ ಜೊತೆ ಇನ್ನೊಬ್ಬರು ಕಾಯುತ್ತಿದ್ದಾರೆ, ನನ್ನನ್ನು ನೋಡುವುದಕ್ಕೆ.

ಇವನು ನನ್ನ ಗಂಡ. ಹೀಗೆ ಒಳಗೊಳಗೇ ಒಂದೊಂದು ಸಲ ಹೇಳಿಕೊಳ್ಳಬೇಕು, ಇಲ್ಲದಿದ್ದರೆ ನನಗೇ ಮರೆತುಹೋಗುತ್ತದೆ ಅನ್ನಿಸುತ್ತದೆ. ಮದುವೆಯಾದ ಹೊಸತರಲ್ಲಿ ಗಂಡನ ಹೆಸರು ಕೇಳಿದ ಹೆಂಗಸರಿಗೆ ಹೇಳಲಾರದೆ ಸೆರಗು ಕಚ್ಚಿಕೊಂಡು ನಿಂತವಳು ನಾನು, ಜನಗಣತಿಯವನು ಬಂದಾಗ ಪಕ್ಕದ ಮನೆಯವಳ ಕೈಲಿ ಹೇಳಿಸಿದವಳು, ಈಗ ದಿನಕ್ಕೆ ನೂರು ಸಲ ಸೀನಾ, ಸೀನಾ, ಬಾರೋ ಸೀನಾ, ಕೈ ತೊಳ್ಕೊಳೋ ಸೀನಾ. ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಆಗ ಅವರು, ಬನ್ನಿ, ಹೋಗಿ. ಈಗ ಇವನು, ಬಾ, ಹೋಗು. ಬಾಯಿಗೆ ಹತ್ತಿದ ಏಕವಚನ ಮನಸ್ಸಿಗೂ ಇಳಿಯಿತು, ಆ ಅವರು ಬೇರೆ ಯಾರೋ, ಕೆಲಸಕ್ಕೆ ಹೋದವರು ಇನ್ನೂ ಮೇಲೆ ಬಂದಿಲ್ಲ, ಈ ಇವನು ಬೇರೆ ಯಾರೋ, ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿದು ಬೀಜವನ್ನೆಲ್ಲ ನನ್ನ ಕೈಗೆ ಹಾಕುತ್ತಿದ್ದಾನೆ, ತಿನ್ನಕ್ಕಾ ಅನ್ನುತ್ತಾನೆ, ನೀನೂ ತಿನ್ನು ಅಂದರೆ ನಂಗಾಯ್ತು ಅನ್ನುತ್ತಾನೆ, ಒಂದೂ ತಿಂದಿಲ್ಲ.

ಗಣಿ ಆಸ್ಪತ್ರೆಯ ಡಾಕ್ಟರು ಇವತ್ತು ಕೈ ತೊಳೆದುಕೊಂಡರು, ನಿಜವಾಗಿಯೂ, ನಲ್ಲಿ ತಿರುಗಿಸಿ ಸೋಪು ಹಾಕಿ. ಅದಕ್ಕೆ ಮೊದಲು ಇವನನ್ನು ಸ್ಟೂಲಿನ ಮೇಲೆ ಕೂರಿಸಿ ಇದು ಯಾವ ವರ್ಷ ಅಂತ ಕೇಳಿದರು, ಎಪ್ಪತ್ತೆರಡು ಅಂದ, ನಿನ್ನ ವಯಸ್ಸೆಷ್ಟು, ಹದಿನೆಂಟು, ಬೀಗದ ಕೈ, ಪೆನ್ಸಿಲು, ಅಂಗಿಯ ಗುಂಡಿ, ಮೂರನ್ನೂ ತೋರಿಸಿ ಮೇಜಿನ ಖಾನೆಯೊಳಗಿಟ್ಟು ಬೇರೇನೋ ಮಾತಾಡಿಸಿ ಆಮೇಲೆ ಏನು ತೋರಿಸಿದೆ ಹೇಳು ಅಂದರು, ನೀವೇನೂ ತೋರಿಸ್ನಿಲ್ವಲ್ಲ ಸಾರ್ ಅಂದ, ಸುಳ್ಳು ಹೇಳಿ ಸಿಕ್ಕಿಸುತ್ತಿದ್ದಾರೇನೋ ಅಂತ ನನ್ನ ಮುಖ ನೋಡಿದ. ಎಂಬತ್ತೇಳು ಇದು. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪಕ್ಷರದಲ್ಲಿ ಇತ್ತು, ಇವನು ನೋಡಲಿ ನೋಡಲಿ ಅಂತ ನಾನು ಕಣ್ಣಲ್ಲೇ ತೋರಿಸುತ್ತಿದ್ದೆ, ಪರೀಕ್ಷೆ ಬರೆಯುವ ಮಕ್ಕಳಿಗೆ ತೋರಿಸಿದ ಹಾಗೆ. ಡಾಕ್ಟರು ಚೀಟಿಯಲ್ಲಿ ಬರೆದು, ಮೂರು ವರ್ಷ ಆಯ್ತಮ್ಮ, ವಾಪಸ್ ಬರೋದೆಲ್ಲ ಬಂದಾಯ್ತು, ಇನ್ನು ಇಷ್ಟೇ, ಮಾತ್ರೆ ಬೇಡ, ಇನ್ಮೇಲೆ ಇಷ್ಟು ದೂರ ಕರ್ಕೊಂಡು ಬರೋದೂ ಬೇಡ ಅಂದರು, ಒಳ್ಳೆಯ ಮನುಷ್ಯ, ಅದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ, ನಲ್ಲಿ ಕಡೆ ನೋಡಿದರು. ನನಗೆ ಅಳು ಬರಲಿಲ್ಲ. ಕಾಲು ನೋಯುತ್ತಿತ್ತು, ಕೂರಬೇಕು ಅನ್ನಿಸಿತು ಅಷ್ಟೇ. ತಿಂಗಳಿಗೊಂದು ಸಲ ಈ ರೈಲು ಹತ್ತಿ ಇಳಿಯುವುದು ತಪ್ಪಿತು ಅಂತ ಒಂದು ಕ್ಷಣ ಹಗುರವೂ ಆಯಿತು, ಅಂಥವಳು ನಾನು.

ತಲೆನೋವು ಅಂದಿದ್ದು ಮೊದಲು. ಎಂಬತ್ತನಾಲ್ಕರ ಚಳಿಗಾಲ, ಗಣಿಯೊಳಗೆ ಬೆಂಕಿಯಂಥ ಸೆಕೆ ಮೇಲೆ ಬಂದರೆ ಕೊರೆಯುವ ಚಳಿ, ಅದಕ್ಕೇ ತಲೆನೋವು ಅಂದುಕೊಂಡೆವು, ಹಣೆಗೆ ಶುಂಠಿ ತೇದು ಹಚ್ಚಿದೆ, ಆಮೇಲೆ ಸಂಜೆಸಂಜೆಗೆ ಮೈ ಬಿಸಿ, ಆಮೇಲೆ ಅವರಿಗೆ ಸಿಟ್ಟು, ಯಾವತ್ತೂ ಇಲ್ಲದ ಸಿಟ್ಟು, ಬಾಗಿಲು ಹಾಕು ಬೆಳಕು ಕಣ್ಣು ಚುಚ್ತದೆ ಅಂತ ಮುದ್ದೆಯ ತಟ್ಟೆ ಎಸೆದರು, ನಾನು ಕುಡಿತ ಶುರುವಾಯಿತು ಅಂದುಕೊಂಡೆ, ಕುಡಿತ ಅಂದುಕೊಂಡು ಎರಡು ದಿನ ಮಾತು ಬಿಟ್ಟೆ, ದೇವರೇ ಆ ಎರಡು ದಿನ. ಒಂದರ ಬದಲು ಎರಡು ಕಾಣುತ್ತದೆ ಅಂದರು, ನೀನು ಎರಡು ಕಾಣ್ತೀಯ ಅಂದರು, ಒಬ್ಬಳಿಗೇ ಸಾಕಾಗಿದೆ ಇನ್ನೊಬ್ಬಳು ಬೇರೆ ಅಂದೆ ನಾನು, ನಕ್ಕೆ. ಮೂರು ವಾರ ಹೀಗೆ. ತಾಯಿತ ಕಟ್ಟಿಸಿದೆವು, ಕುರಿಯ ಹಾಲು ತಲೆಗೆ ಹಾಕಿದೆವು. ಒಂದು ಬೆಳಿಗ್ಗೆ ಕುಡಿದ ನೀರೆಲ್ಲ ವಾಂತಿಯಾಗಿ, ಕತ್ತು ಹಲಗೆಯ ಹಾಗೆ ಸೆಟೆದುಕೊಂಡು, ನನ್ನನ್ನು ನೋಡಿ ಯಾರು ಅಂದ ಹಾಗೆ ನೋಡಿದರು, ಜೊತೆಗೆ ಕೆಲಸ ಮಾಡುತ್ತಿದ್ದ ಆರುಮುಗಂ ಬಂದು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಬೆನ್ನು ಬಗ್ಗಿಸಿ ಹಿಡಿದುಕೊಂಡು ಸೂಜಿ ಚುಚ್ಚಿ ನೀರು ತೆಗೆದರು, ಕಾಯಿಯ ನೀರಿನಷ್ಟು ತಿಳಿ, ಅದನ್ನು ಗಾಜಿನ ಕೊಳವೆಯಲ್ಲಿ ಒಂದು ದಿನ ಅಲುಗಿಸದೆ ಇಟ್ಟು ಮಾರನೆಯ ದಿನ ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದರು, ನೀರಿನ ನಡುವೆ ಒಂದು ತೆಳ್ಳನೆಯ ಜೇಡರ ಬಲೆ. ಕ್ಷಯ ಅಮ್ಮ, ಎದೆಗೆ ಬರೋ ಕ್ಷಯವೇ, ಮೆದುಳಿನ ಪೊರೆಗೆ ಹತ್ತಿದೆ, ಇನ್ನು ಹದಿನೈದು ದಿನ ಮುಂಚೆ ಬಂದಿದ್ರೆ ಅಂತ ಅರ್ಧಕ್ಕೆ ನಿಲ್ಲಿಸಿದರು. ಅರ್ಧಕ್ಕೆ ನಿಲ್ಲಿಸಿದ ಮಾತು. ನನ್ನೊಳಗೆ ಅದು ಇನ್ನೂ ಪೂರ್ತಿಯಾಗಿಲ್ಲ, ಹಸುವಿಗೆ ಹುಲ್ಲು ಹಾಕುವಾಗ, ಹಿಟ್ಟು ತಿರುವುವಾಗ, ಇನ್ನು ಹದಿನೈದು ದಿನ ಮುಂಚೆ ಬಂದಿದ್ರೆ, ಬಂದಿದ್ರೆ.

ಇಪ್ಪತ್ತಮೂರು ದಿನ ಕಣ್ಣು ಬಿಡಲಿಲ್ಲ. ದಿನಕ್ಕೊಂದು ಇಂಜೆಕ್ಷನ್, ಸೊಂಟದಲ್ಲಿ ಚುಚ್ಚುವುದಕ್ಕೆ ಜಾಗ ಹುಡುಕಬೇಕಾಗಿತ್ತು, ಮೂಗಿನಲ್ಲಿ ನಳಿಕೆ, ಮೊಟ್ಟೆ ಒಡೆದು ಹಾಲಿಗೆ ಬೆರೆಸಿ ನಾನೇ ಬಿಡುತ್ತಿದ್ದೆ, ಎರಡೆರಡು ಗಂಟೆಗೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಿದ್ದೆ, ಬೆನ್ನು ಹುಣ್ಣಾಗಬಾರದು ಅಂತ, ಅವರ ಮೈಯ ಭಾರ ನನ್ನ ಮುಂಗೈಗೆ ಇವತ್ತಿಗೂ ನೆನಪಿದೆ. ಇಪ್ಪತ್ತನಾಲ್ಕನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟು ನನ್ನನ್ನೇ ನೋಡಿ ಅಕ್ಕಾ ಅಂದರು. ವಾರ್ಡಿನಲ್ಲಿ ಎಲ್ಲರಿಗೂ ಸಂತೋಷ, ನರ್ಸಮ್ಮ ಕಣ್ಣೊರೆಸಿಕೊಂಡರು, ಮಾತು ಬಂತಲ್ಲ ಅಂತ. ನೋವಾದಾಗ ಎಂಥವರೂ ಅಮ್ಮಾ ಅನ್ನುತ್ತಾರೆ, ಇವರಿಗೆ ಅಮ್ಮ ಇರಲಿಲ್ಲ, ಸಾಕಿದವಳು ಅಕ್ಕ ಕನಕಮ್ಮ, ಅದಕ್ಕೇ ಅಕ್ಕಾ ಅಂದರು ಅಂದುಕೊಂಡೆ ನಾನೂ. ಮಾರನೆಯ ದಿನವೂ ಅಕ್ಕಾ. ಅದರ ಮಾರನೆಯ ದಿನವೂ. ನಾನು ರತ್ನಾ ಕಣ್ರೀ, ನಿಮ್ಮ ಹೆಂಡ್ತಿ ವೆಂಕಟರತ್ನಮ್ಮ ಅಂದರೆ ನಾಚಿಕೊಂಡು ಅತ್ತ ತಿರುಗಿದರು, ಹದಿನೆಂಟರ ಹುಡುಗನಿಗೆ ಮದುವೆಯ ಮಾತೆತ್ತಿದರೆ ತಿರುಗಿದ ಹಾಗೆ. ಅಲ್ಲಿಗೆ ಅವರು ಮುಗಿದು ಇವನು ಶುರುವಾದ. ಕನಕಮ್ಮನ ಮುಖ ನಾನು ನೋಡಿಲ್ಲ, ನಮ್ಮ ಮದುವೆಗೆ ಒಂದು ವರ್ಷ ಮುಂಚೆ ಚೊಚ್ಚಲ ಹೆರಿಗೆಯಲ್ಲಿ ಹೋದಳು, ಅವಳು ಹೋದ ದುಃಖಕ್ಕೇ ಊರು ಬಿಟ್ಟು ಗಣಿ ಸೇರಿದ್ದಂತೆ. ಮುಖ ಬೇರೆಯಲ್ಲವಾ ಸಾರ್, ಹ್ಯಾಗೆ ನನ್ನನ್ನ ಅವಳು ಅಂದುಕೋತಾರೆ ಅಂತ ಡಾಕ್ಟರನ್ನು ಕೇಳಿದ್ದೆ, ಮುಖ ಗುರುತು ಹಿಡಿಯೋದು ಕಣ್ಣಲ್ಲಮ್ಮ, ಮೆದುಳು, ಯಾವ ಕೈ ಊಟ ಹಾಕ್ತೋ ಅದಕ್ಕೆ ಗೊತ್ತಿರೋ ಒಂದು ಹೆಸರು ಕೊಟ್ಟಿದೆ, ನಿಧಾನವಾಗಿ ಸರಿಹೋಗಬಹುದು ಅಂದಿದ್ದರು. ಹೋಗಬಹುದು.

ನಿಜ ಹೇಳಿಬಿಡಬೇಕು ಅಂತ ಒಂದು ದಿನ ಹೇಳಿಬಿಟ್ಟೆ. ಗಣಿ ಮನೆ ಖಾಲಿ ಮಾಡಿ ಬಂಗಾರಪೇಟೆ ಹತ್ತಿರದ ಇವನ ಊರಿಗೆ, ಇವನು ಹುಟ್ಟಿದ ಮನೆಗೇ ಬಂದಿದ್ದೆವು, ಆ ಮನೆ ಕಂಡರೆ ಇವನಿಗೆ ಆರಾಮ, ಮಡಕೆ ಎಲ್ಲಿ, ಗುದ್ದಲಿ ಎಲ್ಲಿ, ಎಲ್ಲ ಗೊತ್ತು. ಮೊದಲನೆಯ ದಿನ ಇವನ ಪಕ್ಕಕ್ಕೆ ಚಾಪೆ ಹಾಸಿದೆ, ಅಕ್ಕಾ ನಾನೇನ್ ಇನ್ನಾ ಚಿಕ್ಕೋನಾ ಅಂತ ಚಾಪೆ ಸುರುಳಿ ಸುತ್ತಿಕೊಂಡು ಕೊಟ್ಟಿಗೆಗೆ ಹೋದ. ಹಿಂದೆಯೇ ಹೋಗಿ ಅಲ್ಲೇ ಹೇಳಿದೆ, ನಿಮ್ಮಕ್ಕ ಸತ್ತು ಹತ್ತು ವರ್ಷವಾಯಿತು, ನಾನು ನಿಮ್ಮ ಹೆಂಡತಿ, ನೋಡಿ ಈ ತಾಳಿ ನೀವೇ ಕಟ್ಟಿದ್ದು. ಮೊದಲನೆಯದು ಮಾತ್ರ ಕಿವಿಗೆ ಬಿತ್ತು. ಅತ್ತ, ತಲೆ ಗೋದಲಿಗೆ ಬಡಿದುಕೊಂಡು ಅತ್ತ, ಊರಿನವರೆಲ್ಲ ಬಂದರು, ನಮ್ಮಕ್ಕನ್ನ ಕೊನೇಗೊಂದ್ಸಲ ತೋರಿಸ್ಬಾರದಿತ್ತಾ ಅಂತ ಎಲ್ಲರನ್ನೂ ಕೇಳಿದ. ಬೆಳಿಗ್ಗೆ ಎದ್ದು, ಅಕ್ಕಾ, ನೀರು ಕಾಯ್ತಾ ಅಂತ ಬಂದ. ಇನ್ನೆರಡು ಸಲ ಹೇಳಿ ನೋಡಿದೆ, ಎರಡು ಸಲವೂ ಕನಕಮ್ಮ ಹೊಸದಾಗಿ ಸತ್ತಳು. ಮೂರನೆಯ ಸಲ ಸಾಯಿಸಿದ ಮೇಲೆ ನನ್ನಿಂದಾಗಲಿಲ್ಲ. ತಾಳಿಯನ್ನು ರವಿಕೆಯೊಳಕ್ಕೆ ಹಾಕಿಕೊಂಡೆ. ಒಂದು ಸಲ ಹೊರಗೆ ಬಂದಿದ್ದಾಗ ಏನಕ್ಕಾ ಅದು ಅಂದ, ಅಮ್ಮನದು ಅಂದೆ, ಅಮ್ಮನದು ಅಂತ ಕಣ್ಣಿಗೊತ್ತಿಕೊಂಡ. ಮಗಳು ಅಶ್ವತ್ಥಮ್ಮನಿಗೆ ಆರು ವರ್ಷ ಆಗ, ಅಪ್ಪಾ ಅಂತ ಕುತ್ತಿಗೆಗೆ ಜೋತುಬಿದ್ದರೆ ಇವನು ಗಾಬರಿಯಿಂದ ಬಿಡಿಸಿಕೊಳ್ಳುತ್ತಿದ್ದ, ಯಾರ ಮಗಾ ಅಕ್ಕಾ ಇದು ಅಂದ, ನೆಂಟರ ಮಗು, ಸ್ಕೂಲಿಗೆ ಅಂತ ನಮ್ಮನೇಲಿದೆ ಅಂದೆ, ಮಗುವಿನ ಎದುರಿಗೇ ಅಂದೆ. ಅದು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ, ನಾಲ್ಕನೆಯ ದಿನ ತಾನೇ ಸೀನಣ್ಣಾ ಅಂತ ಕೂಗಿತು, ಇವನು ಓ ಅಂದ, ಗೋಲಿ ಆಡಿಸಿದ. ಈಗ ಅದಕ್ಕೆ ಒಂಬತ್ತು. ನೋಟ್‌ಬುಕ್ಕಿನ ಮೇಲೆ ತಂದೆಯ ಹೆಸರು ಅಂತ ಇದ್ದ ಕಡೆ ಬರೆದು ಕೈ ಅಡ್ಡ ಇಟ್ಟುಕೊಳ್ಳುತ್ತದೆ, ಇವನು ನೋಡದ ಹಾಗೆ.

ಕೆಲಸಕ್ಕೇನೂ ಕಡಿಮೆಯಿಲ್ಲ, ಹೇಳಬೇಕು. ಎರಡು ಹಸುವನ್ನೂ ತಾನೇ ಕರೆಯುತ್ತಾನೆ, ಡೈರಿಗೆ ತಾನೇ ಹೊರುತ್ತಾನೆ, ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮಾತ್ರ ಯಾಕೆ ಹೊರಟೆ ಅನ್ನುವುದು ಮರೆತು ಹಾಲಿನ ಕ್ಯಾನು ಇಟ್ಟುಕೊಂಡು ಅರಳಿಕಟ್ಟೆಯಲ್ಲಿ ಕೂತಿರುತ್ತಾನೆ, ನಾನು ಹೋಗಿ ಕರೆತರಬೇಕು. ಒಲೆ ಹಚ್ಚಿ ಮರೆಯುತ್ತಾನೆ. ಬಾವಿಗೆ ಹಗ್ಗ ಬಿಟ್ಟು ಮರೆಯುತ್ತಾನೆ. ಆರುಮುಗಂ ಒಂದು ಸಲ ರಾಬರ್ಟ್‌ಸನ್‌ಪೇಟೆಯಿಂದ ಸ್ವೀಟು ಕಟ್ಟಿಸಿಕೊಂಡು ನೋಡಲು ಬಂದಿದ್ದ, ಎದುರು ಕೂತು ತಮಿಳಿನಲ್ಲಿ ಏನೇನೋ ನೆನಪಿಸಿದ, ಇವನು ಪರಊರಿನವರನ್ನು ನೋಡುವ ಹಾಗೆ ನೋಡಿ ಈಯಪ್ಪ ಏನಂತಾನಕ್ಕಾ ಅಂದ, ಆರುಮುಗಂ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತುಬಿಟ್ಟ, ನಾನು ಅವನಿಗೂ ಸಮಾಧಾನ ಮಾಡಬೇಕಾಯಿತು, ಎಲ್ಲರಿಗೂ ನಾನೇ ಮಾಡಬೇಕು. ಸಾಕಾಗಿದೆ. ಸಿಟ್ಟಿಲ್ಲ, ದುಃಖವೂ ಇಲ್ಲ, ಗೋಣಿಚೀಲದ ಹಾಗೆ ಮೂಲೆಯಲ್ಲಿ ಬಿದ್ದುಕೊಂಡರೆ ಸಾಕು ಅನ್ನಿಸುವ ಸುಸ್ತು, ಒಂದೇ ಪ್ರಶ್ನೆಗೆ ಒಂದೇ ಉತ್ತರ ಹೇಳಿ ಹೇಳಿ ಬಾಯಿ ಸವೆದ ಸುಸ್ತು. ರತ್ನಾ ಅಂತ ಕರೆಯುವವರಿಲ್ಲ. ಊರಿಗೆಲ್ಲ ನಾನು ಸೀನಪ್ಪನ ಹೆಂಡತಿ, ಸೀನಪ್ಪನಿಗೆ ಅಕ್ಕ, ಮಗಳಿಗೆ ಇವನೆದುರು ಏನೆಂದು ಕರೆಯಬೇಕೋ ತಿಳಿಯದ ಒಂದು ಹೆಂಗಸು.

ರೈಲು ನಿಂತಿತು, ಉರಿಗಾಂ. ಸೊಪ್ಪಿನ ಖಾಲಿ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಹತ್ತಿ ಎದುರಿಗೆ ಕೂತಳು, ಇವನು ಕಡಲೆಬೀಜ ನನ್ನ ಕೈಗೆ ಹಾಕುವುದನ್ನು ಸ್ವಲ್ಪ ಹೊತ್ತು ನೋಡಿ, ತಂಬಿಯಾ ಅಂದಳು, ತಮ್ಮನಾ ಅಂತ. ಊಂ ಅಂದೆ. ಇಂಥ ತಂಬಿ ಇರಬೇಕಮ್ಮಾ ಅಂದಳು. ಅಣ್ಣ ಹೇಳುವುದೂ ಅದನ್ನೇ, ಬೇರೆ ಥರ. ಯುಗಾದಿಗೆ ಬಂದಿದ್ದಾಗ ಹಿತ್ತಲಿಗೆ ಕರೆದು ಹೇಳಿದ, ನೋಡು ರತ್ನಾ, ಅವನಿಗೆ ನೀನು ಹೆಂಡ್ತಿ ಅಲ್ಲ, ಅವನಿಗೇ ಅಲ್ಲ ಅಂದ್ಮೇಲೆ ಇನ್ನಾರಿಗೆ, ನಿಂಗೆ ಮೂವತ್ತೊಂದು, ನಮ್ಮಲ್ಲಿ ಇನ್ನೊಂದ್ ಮದ್ವೆ, ಕೂಡಿಕೆ, ಏನ್ ಹೊಸದಾ, ಪಂಚಾಯ್ತಿಯೋರೂ ಬ್ಯಾಡ ಅನ್ನಲ್ಲ. ಬೂದಿಕೋಟೆ ಕಡೆಯ ಮುನಿನಾರಾಯಣಪ್ಪ, ಹೆಂಡತಿ ಹೋಗಿ ಎರಡು ವರ್ಷ, ಮಕ್ಕಳಿಲ್ಲ, ಆರು ಹಸು, ಕುಡಿಯುವುದಿಲ್ಲ, ನಿನ್ನ ಮಗಳನ್ನೂ ಕರ್ಕೊಂಡ್ ಬಾ ಅಂದವ್ರೆ, ಸೀನಪ್ಪನ್ನ ಅವರ ದೊಡ್ಡಪ್ಪನ ಮನೇಲಿ ಬಿಡಾನ, ಎರಡು ತಿಂಗಳಾದ್ರೆ ನಿನ್ನ ಮರೀತಾನೆ, ಮರೆಯೋದು ಅವನಿಗೇನ್ ಕಷ್ಟ ಅಂದ. ಕೆಟ್ಟದ್ದಕ್ಕೆ ಹೇಳಲಿಲ್ಲ, ನನ್ನ ಕೈಯ ಬೊಬ್ಬೆ ನೋಡಿ ಹೇಳಿದ. ಡಾಕ್ಟರು ಏನನ್ನುತ್ತಾರೋ ನೋಡಿ ಆಮೇಲೆ ಅಂದಿದ್ದೆ. ಡಾಕ್ಟರು ಅಂದಾಯಿತು. ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆಗೆದು ನೀಲಿ ಸೀರೆ ಉಟ್ಟೆ, ಆಸ್ಪತ್ರೆಗೆ ಯಾರಾದರೂ ನೀಲಿ ರೇಷ್ಮೆ ಅಂಚಿನ ಸೀರೆ ಉಡುತ್ತಾರಾ, ಪಕ್ಕದ ಮನೆಯ ಅಮ್ಮಾಜಮ್ಮನ ಹತ್ತಿರ ಮಗಳನ್ನು ಬಿಡುವಾಗ ಅವಳು ಸೀರೆ ನೋಡಿದಳು. ಒಬ್ಬರು ಹೆಗಲ ಮೇಲೆ ಕೈ ಇಟ್ಟು ಮಲಗು ನಾನು ಹಾಲು ಹಾಕಿ ಬತ್ತೀನಿ ಅಂದರೆ ಹೇಗಿರುತ್ತದೆ ಅಂತ ಯೋಚಿಸಿದ್ದೇನೆ, ಯೋಚಿಸಿಲ್ಲ ಅಂತ ಯಾಕೆ ಅನ್ನಲಿ. ಅಕ್ಕಾ, ಎಲ್ಲಿಗ್ ಓಗ್ತಾ ಇದ್ದೀವಿ. ಬಂಗಾರಪೇಟೆಗೆ ಕಣೋ. ಯಾಕೆ. ಟೀ ಕುಡಿಯಕ್ಕೆ. ಕೋರಮಂಡಲ್ ಸ್ಟೇಷನ್ ಹೋಯಿತು, ಬಂಡೆಗಳು ಹೋದವು, ರಾಗಿ ಕೊಯ್ದ ಹೊಲಗಳು ಶುರುವಾದವು.

ಬಂಗಾರಪೇಟೆಯ ಹೋಟೆಲಿನಲ್ಲಿ ಹೊಗೆ. ಅಣ್ಣ ಎದ್ದು ಬಂದು ಡಾಕ್ಟರೇನಂದ್ರು ಅಂದ, ಇಷ್ಟೇ ಅಂದ್ರು ಅಂದೆ, ತಲೆ ಆಡಿಸಿದ. ಮುನಿನಾರಾಯಣಪ್ಪ ಬೆಂಚಿನ ಕೊನೆಗೆ ಕೂತಿದ್ದರು, ನಲವತ್ತರ ಹತ್ತಿರ, ಒಗೆದ ಪಂಚೆ, ಕಾಗದದ ಪೊಟ್ಟಣದಲ್ಲಿ ಎರಡು ಬನ್ನು, ಮಗೂಗೆ ಅಂತ ತಂದೆ ಅಂತ ಮೇಜಿನ ಮೇಲೆ ನನ್ನ ಕಡೆ ಸರಿಸಿದರು, ಮುಖ ನೋಡಿ ಮಾತಾಡಲು ಅವರಿಗೂ ಸಂಕೋಚ. ಇವನು ಅವರನ್ನೇ ನೋಡುತ್ತಿದ್ದ, ಅಣ್ಣನನ್ನೂ ನೋಡಿದ, ನನ್ನ ಸೀರೆಯನ್ನೂ ನೋಡಿದ, ಇವರ್ಯಾರಕ್ಕಾ ಅಂದ. ನಾನು ಬಾಯಿ ತೆರೆಯುವುದರೊಳಗೆ ಅಣ್ಣ, ಅವನಿಗೂ ಸಾಕಾಗಿತ್ತೇನೋ, ನಿಮ್ಮಕ್ಕನ್ನ ನೋಡಕ್ ಬಂದವ್ರೆ ಕಣಪ್ಪಾ ಅಂದುಬಿಟ್ಟ. ಇವನ ಮುಖ ಅರಳಿದ್ದನ್ನು ಹೇಗೆ ಹೇಳಲಿ. ಇವನ ಎಪ್ಪತ್ತೆರಡನೇ ಇಸವಿಯಲ್ಲಿ ಕನಕಮ್ಮನಿಗೆ ಇಪ್ಪತ್ತೈದು ದಾಟಿತ್ತು, ತಮ್ಮ ಒಂದು ದಡ ಸೇರುವ ತನಕ ನನಗೆ ಮದುವೆ ಬೇಡ ಅಂತ ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದಳಂತೆ, ಅದೊಂದು ಚುಚ್ಚು ಇವನಿಗೆ ಒಳಗೇ ಇತ್ತು ಅಂತ ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ಹೋಗಿ ಅವರ ಪಕ್ಕ ಕೂತ, ತನ್ನ ಟೀಯಲ್ಲಿ ಅರ್ಧ ಸಾಸರಿಗೆ ಬಗ್ಗಿಸಿ ಅವರ ಮುಂದಿಟ್ಟ, ಮನೆಯ ಯಜಮಾನನ ಹಾಗೆ. ಭಾವಾ, ನಮ್ಮಕ್ಕ ನನ್ ಸಲುವಾಗಿ ಇಷ್ಟ್ ದಿನ ನಿಂತವ್ಳೆ, ಈಗ ನಾನ್ ದೊಡ್ಡೋನಾಗಿದ್ದೀನಿ, ಎರಡು ಹಸ ಅವೆ, ನನ್ ಪಾಡು ನಾನ್ ನೋಡ್ಕೊಂತೀನಿ, ನೀವ್ ಕರ್ಕೊಂಡೋಗಿ ಅಂದ. ಮುನಿನಾರಾಯಣಪ್ಪ ಟೀ ಮುಟ್ಟಲಿಲ್ಲ. ನನ್ನ ಗಂಡ ನನ್ನನ್ನು ಧಾರೆ ಎರೆಯುತ್ತಿದ್ದಾನೆ, ನಾನು ನೀಲಿ ಸೀರೆ ಉಟ್ಟು ಕೂತಿದ್ದೇನೆ, ಹೋಟೆಲಿನವನು ಪಕ್ಕದ ಮೇಜು ಒರೆಸುತ್ತಿದ್ದಾನೆ, ಇಂಥದ್ದೂ ನಡೆಯುತ್ತದೆ. ಅವರು ನಿಧಾನವಾಗಿ, ನೀನೂ ಬಾರಪ್ಪಾ, ಆರು ಹಸ ಅವೆ, ಒಬ್ಬ ಆಳು ಬೇಕೇ ಬೇಕು, ನಿಮ್ಮಕ್ಕನ ಜೊತೇನೇ ಇರು ಅಂದರು. ಒಳ್ಳೆಯ ಮಾತೇ. ಅಣ್ಣ ನನ್ನ ಮುಖ ನೋಡಿದ, ಇನ್ನೇನು ಬೇಕು ಅನ್ನುವ ಹಾಗೆ. ನನಗೂ ಹಾಗೇ ಅನ್ನಿಸಿತು, ಇನ್ನೇನು ಬೇಕು, ಊಂ ಅಂದುಬಿಡೋಣ, ಅಲ್ಲಿಯೂ ಇವನು ಕೊಟ್ಟಿಗೆಯಲ್ಲಿ ಮಲಗುತ್ತಾನೆ, ಇಲ್ಲಿಯೂ ಕೊಟ್ಟಿಗೆಯಲ್ಲೇ ಮಲಗುತ್ತಾನೆ, ಊಂ ಅನ್ನುವುದಕ್ಕೆ ತುಟಿ ಕೂಡ ತೆರೆಯಬೇಕಾಗಿಲ್ಲ.

ಆಗ ಇವನು ಅವರ ಕಡೆಗೆ ಬಗ್ಗಿ, ಗುಟ್ಟು ಹೇಳುವವನ ಹಾಗೆ, ಒಂದೇ ಮಾತು ಭಾವಾ ಅಂದ. ನೆಲ ನಡುಗ್ದಾಗ ಇವಳು ಎದರ್ಕೊಂತಾಳೆ, ಪಾತ್ರೆ ಎಲ್ಲಾ ಬೀಳ್ತವಲ್ಲ, ಆಗ ಬಾಗ್ಲು ಚೌಕಟ್ಟು ಇಡ್ಕೊಂಡು ನಿಂತ್ಬಿಡ್ತಾಳೆ, ಕರುದ್ರೆ ಬರಲ್ಲ, ಎಳೀಬ್ಯಾಡಿ, ಕಿರುಬೆರಳಿಂದ ಒಂದೊಂದೇ ಬೆರಳು ಬಿಡಿಸ್ಬೇಕು, ಆಮೇಲೆ ಬತ್ತಾಳೆ. ಮುನಿನಾರಾಯಣಪ್ಪ ಅರ್ಥವಾಗದೆ ನಕ್ಕರು, ನಮ್ಮ ಬೂದಿಕೋಟೆ ಕಡೆ ನೆಲ ನಡುಗಲ್ಲ ಬಿಡಪ್ಪಾ ಅಂದರು. ಇವನ ಊರಿನಲ್ಲೂ ನಡುಗುವುದಿಲ್ಲ. ಕನಕಮ್ಮ ಹುಟ್ಟಿ ಬೆಳೆದ ಊರಿನಲ್ಲಿ ಯಾವತ್ತೂ ನಡುಗಿಲ್ಲ. ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕೆಲಸದವರ ಲೈನ್ ಮನೆಯಲ್ಲಿ ನಡುಗುತ್ತಿತ್ತು, ಪಾತಾಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳು ಅದುರುತ್ತಿದ್ದವು, ಮದುವೆಯಾಗಿ ಹೋದ ಎರಡನೆಯ ವಾರ, ಹಗಲು ಹನ್ನೊಂದು ಗಂಟೆ, ಅವರದು ಎರಡನೆಯ ಪಾಳಿ, ಇನ್ನೂ ಮನೆಯಲ್ಲಿದ್ದರು, ನಾನು ಅಕ್ಕಿ ಆರಿಸುತ್ತಿದ್ದೆ, ಗುಡುಗು ನೆಲದೊಳಗಿಂದ ಬಂತು, ಗೋಡೆಯ ನಾಗಂದಿಗೆಯ ಮೇಲಿನ ಪಾತ್ರೆಗಳು ಉರುಳಿದವು, ಓಡಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ, ಸುಮ್ಮನಾದ ಮೇಲೂ ಬಿಡಲಾಗಲಿಲ್ಲ, ಕೈ ನನ್ನದಲ್ಲದ ಹಾಗೆ ಮರಕ್ಕೆ ಕಚ್ಚಿಕೊಂಡಿತ್ತು. ಅವರು ಬಂದು ಪಕ್ಕ ನಿಂತರು. ಏನೂ ಆಗಲ್ಲ ಅನ್ನಲಿಲ್ಲ, ನಗಲಿಲ್ಲ, ಎಳೆಯಲಿಲ್ಲ. ಕಿರುಬೆರಳು ಬಿಡಿಸಿದರು. ಆಮೇಲೆ ಅದರ ಪಕ್ಕದ್ದು. ಯಾರಿಗೂ ಹೇಳಿಲ್ಲ ನಾನಿದನ್ನು, ಅಮ್ಮನಿಗೆ ಹೇಳಿಲ್ಲ, ಅಣ್ಣನಿಗೆ ಗೊತ್ತಿಲ್ಲ, ಎಂಟೊಂಬತ್ತು ವರ್ಷದಲ್ಲಿ ಎಷ್ಟು ಸಲ ನಡುಗಿತೋ ಅಷ್ಟು ಸಲವೂ, ಅವರು ಮನೆಯಲ್ಲಿದ್ದರೆ, ಕಿರುಬೆರಳಿನಿಂದ ಒಂದೊಂದೇ.

ಸೀನಾ, ಯಾವ ಮನೇಲೋ ಅದು ಅಂದೆ, ಯಾವ ಮನೆ, ಯಾರ ಬೆರಳು, ಹೇಳೋ. ಇವನು ನನ್ನ ಕಡೆ ತಿರುಗಿದ, ಹುಡುಕುವವನ ಹಾಗೆ ಹಣೆ ಗಂಟಾಯಿತು, ಏನಕ್ಕಾ ಅಂದ. ಹೋಯಿತು. ಬೀಗದ ಕೈ, ಪೆನ್ಸಿಲು, ಗುಂಡಿ ಎಲ್ಲಿಗೆ ಹೋದವೋ ಅಲ್ಲಿಗೇ ಹೋಯಿತು. ಬೇಡಣ್ಣ ಅಂದೆ. ಅಣ್ಣ ಸಿಟ್ಟಾಗಲಿಲ್ಲ, ಇನ್ನೆಷ್ಟು ದಿನ ರತ್ನಾ ಅಂದ, ಗೊತ್ತಿಲ್ಲಣ್ಣ ಅಂದೆ, ನಿಜವಾಗಿ ಗೊತ್ತಿಲ್ಲ, ಇದೇ ಕಾರಣಕ್ಕೆ ಬೇಡ ಅಂದೆನೋ ಇಲ್ಲವೋ ಅದೂ ಗೊತ್ತಿಲ್ಲ, ಇದು ಇನ್ನೊಂದು ಸಲ ಬರುವುದೂ ಇಲ್ಲ, ಬರುವುದಿಲ್ಲ ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಚೀಲದಲ್ಲೇ ಇದೆ, ನಾಳೆ ಎದ್ದರೆ ಅದೇ ಹಸು, ಅದೇ ಪ್ರಶ್ನೆ, ಅದೇ ಬಾವಿಯ ಹಗ್ಗ. ಮುನಿನಾರಾಯಣಪ್ಪ ಎದ್ದು ನಿಂತು, ಬನ್ನು ಮಾತ್ರ ತಗೊಂಡೋಗಮ್ಮಾ, ಮಗೂಗೆ ಅಂತ ತಂದಿದ್ದು ಅಂದರು, ತೆಗೆದುಕೊಂಡೆ. ಬಸ್ ಸ್ಟ್ಯಾಂಡಿನವರೆಗೂ ಇವನು ಮುಖ ಸಣ್ಣದು ಮಾಡಿಕೊಂಡು ನಡೆದ, ಒಳ್ಳೇರಿದ್ರಲ್ಲಕ್ಕಾ, ಯಾಕ್ ಬ್ಯಾಡಂದೆ ಅಂದ, ಬಸ್ಸು ಹತ್ತುವುದರೊಳಗೆ ಅದೂ ಹೋಗಿತ್ತು. ಬಸ್ಸು ಹೊರಟಿತು, ಜನ ತುಂಬಿದ್ದ ಬಸ್ಸು, ನಿಂತಿದ್ದೇವೆ, ರಸ್ತೆಯಲ್ಲಿ ಹಳ್ಳ ಬಂದಾಗಲೆಲ್ಲ ಕಾಲ ಕೆಳಗೆ ಅದುರುತ್ತದೆ, ಕಂಬಿ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ, ನನ್ನ ಕೈ ನೋಡುತ್ತಿದ್ದೇನೆ, ಇವನು ಕಿಟಕಿಯ ಆಚೆ ನೋಡುತ್ತಿದ್ದಾನೆ, ಎಲ್ಲಿಗ್ ಓಗ್ತಾ ಇದ್ದೀವಕ್ಕಾ, ಮನೆಗೆ ಕಣೋ, ಮನೆಗೆ, ಅಕ್ಕಿ ಚೆಲ್ಲಿದೆ, ಪಾತ್ರೆ ಇನ್ನೂ ಉರುಳುತ್ತಿದೆ, ಅವರು ಬಂದು ಪಕ್ಕ ನಿಂತಿದ್ದಾರೆ, ಕಿರುಬೆರಳು, ಅದರ ಪಕ್ಕದ್ದು, ಅದರ ಪಕ್ಕದ್ದು —